ಮಗುವಿನ ಮನೋಪರೀಕ್ಷೆ ಮತ್ತು ಥೆರಪಿ: ನಮ್ಮ ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದಲ್ಲಿ ಮಕ್ಕಳ ಮನೋಪರೀಕ್ಷೆ ಮಾಡುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಜಮಖಂಡಿ, ಅಥಣಿ ಕಡೆಯಿಂದೆಲ್ಲ ಜನ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವವೇ. ಕುರ್ಚಿಯಲ್ಲಿ ಕೂತಾಗ ಕೇಳದೆ, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ನ್ಯೂರೋಡೈವರ್ಸ್ ಅಂದರೆ ಕಾಯಿಲೆನಾ?

ಮೆದುಳು ಕೆಲಸ ಮಾಡುವ ರೀತಿ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಆಟಿಸಂ (ಬೇರೆಯವರ ಜೊತೆ ಬೆರೆಯುವುದು, ಹಂಚಿಕೊಳ್ಳುವುದು ಕಷ್ಟ), ಎಡಿಎಚ್‌ಡಿ (ಗಮನ ನಿಲ್ಲುವುದು, ಒಂದು ಕಡೆ ಕೂರುವುದು ಕಷ್ಟ), ಡಿಸ್ಲೆಕ್ಸಿಯಾ (ಓದು ಬರಹ ಕಷ್ಟ) ಥರದ ಕಲಿಕೆಯ ತೊಂದರೆ, ಇವೆಲ್ಲ ಈ ಮಾತಿನಡಿ ಬರುತ್ತವೆ. ಜ್ವರದ ಹಾಗೆ ಬಂದು ಹೋಗುವಂಥದ್ದಲ್ಲ, ಹುಟ್ಟಿನಿಂದ ಜೊತೆಗಿರುವಂಥದ್ದು. ಹಾಗಂತ ಎಲ್ಲ ಸಲೀಸು ಅಂತಲೂ ನಾನು ಹೇಳುವುದಿಲ್ಲ. ಕೆಲವು ಮಕ್ಕಳಿಗೆ ದಿನವಿಡೀ ಆಸರೆ ಬೇಕು. ಕೆಲವರಿಗೆ ಶಾಲೆಯಲ್ಲಿ ಮುಂದಿನ ಬೆಂಚು, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಸಿಕ್ಕರೆ ಸಾಕು.

ಎರಡು ವರ್ಷ ಆಯ್ತು, ಮಾತಿಲ್ಲ. “ಇವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ, ಸುಮ್ನಿರ್ರಿ” ಅಂತಾರೆ ಅತ್ತೆ. ಕಾಯಬಹುದಾ?

ಕಾಯಬೇಡಿ. ಅತ್ತೆಯವರ ಮಾತು ಸುಳ್ಳಲ್ಲ, ಕೆಲವು ಮಕ್ಕಳು ತಡವಾಗಿ ಮಾತಾಡಿ ಆಮೇಲೆ ಚೆನ್ನಾಗಿಯೇ ಇರುತ್ತಾರೆ. ಆದರೆ ನಿಮ್ಮ ಮಗು ಆ ಗುಂಪಿನದೋ ಅಲ್ಲವೋ ಅನ್ನುವುದು ಕಾಯುತ್ತಾ ಕೂತರೆ ಗೊತ್ತಾಗುವುದಿಲ್ಲ.

ನಾನು ಮಾತಿಗಿಂತ ಮುಂಚೆ ಬೇರೆ ಕೆಲವನ್ನು ಕೇಳುತ್ತೇನೆ. ಹೆಸರು ಕರೆದರೆ ತಿರುಗುತ್ತಾ? ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತಾ, ಇಲ್ಲಾ ನಿಮ್ಮ ಕೈ ಹಿಡಿದು ಡಬ್ಬಿಯ ಮೇಲೆ ಇಡುತ್ತಾ? ಅಂಗಳದಲ್ಲಿ ಟ್ರ್ಯಾಕ್ಟರ್ ಹೋದರೆ “ನೋಡು” ಅನ್ನುವ ಹಾಗೆ ಒಮ್ಮೆ ಅದನ್ನು, ಒಮ್ಮೆ ನಿಮ್ಮ ಮುಖವನ್ನು ನೋಡುತ್ತಾ? ವರ್ಷ ತುಂಬಿದ ಮೇಲೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ಬೆರಳು ತೋರಿಸದಿದ್ದರೆ, ಎರಡು ವರ್ಷಕ್ಕೆ “ಹಾಲು ಬೇಕು” ಥರ ಎರಡು ಪದ ಸೇರಿಸದಿದ್ದರೆ ತೋರಿಸಿ. ಬರುತ್ತಿದ್ದ ಮಾತು ನಿಂತುಹೋಗಿದ್ದರೆ ಯಾವ ವಯಸ್ಸೇ ಇರಲಿ, ತಡ ಮಾಡಬೇಡಿ.

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದಾಗ ತಿರುಗುತ್ತಾನೆ ಅಂದಮಾತ್ರಕ್ಕೆ ಎಲ್ಲ ಸದ್ದೂ ಕೇಳಿಸುತ್ತದೆ ಅಂತ ಅಲ್ಲ. ಸಣ್ಣ ಮಕ್ಕಳಿಗೆ ಬೆರಾ ಅನ್ನುವ ಪರೀಕ್ಷೆ ಇದೆ, ಮಗು ಮಲಗಿದ್ದಾಗಲೇ ಮಾಡುತ್ತಾರೆ, ನೋವಿಲ್ಲ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿಯೂ ಇದೆ. ಅದು ಬರೀ ಜರಡಿ, ಅದರಲ್ಲೇ ಆಟಿಸಂ ಅಂತ ತೀರ್ಮಾನ ಮಾಡುವುದಿಲ್ಲ.

ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಅದಕ್ಕೇ ಮಾತು ತಡ ಆಯ್ತಾ?

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯವರು ಖಂಡಿತ ಕೇಳುವ ಪ್ರಶ್ನೆ ಇದು. ವಿಜಯಪುರದಲ್ಲಿ ಮರಾಠಿಯ ಜಾಗದಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಇರುತ್ತದೆ. ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಮಾತಿನ ತೊಂದರೆಯೂ ಹುಟ್ಟುವುದಿಲ್ಲ. “ಇವತ್ತಿಂದ ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ” ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಂಗ್ಲಿಷ್ ಬರದ ಆಯಿ ಮಗುವಿನ ಜೊತೆ ಮಾತೇ ನಿಲ್ಲಿಸಿಬಿಡುತ್ತಾರೆ. ಇದ್ದ ಮಾತೂ ಹೋಯ್ತು.

ಆದರೆ ಪರೀಕ್ಷೆ ಯಾವ ಭಾಷೆಯಲ್ಲಿ ಮಾಡುತ್ತಾರೆ ಅನ್ನುವುದು ದೊಡ್ಡ ವಿಷಯ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಅಂಕ ಕಡಿಮೆಯೇ ಬರುತ್ತದೆ. ಅದು ಬುದ್ಧಿಯ ಅಳತೆ ಆಗುವುದಿಲ್ಲ. ಈಗಲೂ ಬಳಕೆಯಲ್ಲಿರುವ ಬಿನೆ-ಕಾಮತ್ ಬುದ್ಧಿ ಪರೀಕ್ಷೆಗೆ ನಮ್ಮ ಸೀಮೆಯ ನಂಟೇ ಇದೆ. ಈ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1930ರ ದಶಕದಲ್ಲಿ, ವಿ. ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಹಳೆಯದಾಯ್ತು ಅನ್ನುವ ದೂರು ನನ್ನದೂ ಇದೆ, ಆದರೆ ಮಗುವಿನ ಭಾಷೆಯಲ್ಲೇ ಕೇಳಬೇಕು ಅನ್ನುವ ಕಾಳಜಿ ಹಳೆಯದಾಗಿಲ್ಲ.

ಮೊದಲು ಯಾರ ಹತ್ತಿರ ಹೋಗಬೇಕು?

ದುಡ್ಡು ಖರ್ಚಿಲ್ಲದ ದಾರಿ ಮೊದಲು ಹೇಳುತ್ತೇನೆ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಯೋಜನೆಯ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ಇದು ಉಚಿತ. ತೊಂದರೆ ಕಂಡ ಮಕ್ಕಳನ್ನು ಡೈಕ್ ಅನ್ನುವ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರುವವರೆಗೆ ಕಾಯಬೇಕಿಲ್ಲ, ಆಶಾ ಕಾರ್ಯಕರ್ತೆಯನ್ನು ಕೇಳಿ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಲ್ಲಿ ಮನೋವೈದ್ಯರು ಸಿಗುತ್ತಾರೆ. ಬರುವ ಮಂಗಳವಾರ ಇದ್ದಾರಾ ಅಂತ ಮೊದಲೇ ಕೇಳಿಕೊಂಡು ಹೊರಡಿ.

ಇನ್ನೂ ವಿವರವಾಗಿ ನೋಡಬೇಕಾದರೆ ನಮಗೆ ಹತ್ತಿರದ್ದು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ. ಮಾತು ಮತ್ತು ಕಿವಿಗೆ ಮೈಸೂರಿನ ಆಯಿಷ್ ಅನ್ನುವ ವಾಕ್ ಶ್ರವಣ ಸಂಸ್ಥೆ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್. ಎಲ್ಲರೂ ಬೆಂಗಳೂರಿಗೇ ಓಡಬೇಕಿಲ್ಲ.

ಖಾಸಗಿಯಾಗಿ ತೋರಿಸುವುದಾದರೆ ಒಂದು ಮಾತು. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕರಿಗೆ ನೋಂದಣಿ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಮಗುವನ್ನು ಬಿಡಬೇಡಿ.

ಅಸೆಸ್‌ಮೆಂಟ್ ದಿನ ಏನೇನು ಮಾಡುತ್ತೀರಿ? ಮಗು ಅತ್ತರೆ?

ಅರ್ಧ ಹೊತ್ತು ನಿಮ್ಮ ಜೊತೆ ಮಾತಿನಲ್ಲೇ ಹೋಗುತ್ತದೆ. ಬಸುರಿಯಾಗಿದ್ದಾಗ ಏನಾಯ್ತು, ಹುಟ್ಟಿದ ಕೂಡಲೇ ಅತ್ತಿತಾ, ನಡೆದದ್ದು ಯಾವಾಗ, ನಿದ್ದೆ ಹೇಗೆ, ಊಟಕ್ಕೆ ಏನೇನು ತಿನ್ನಲ್ಲ. ಊಟದ ಪ್ರಶ್ನೆಗೆ ನಗಬೇಡಿ. ರೊಟ್ಟಿ ಕಟಂ ಅನ್ನುವಷ್ಟು ಒಣಗಿದ್ದರೆ ಮಾತ್ರ ತಿನ್ನುತ್ತಾನೆ, ಮೆತ್ತಗಿದ್ದರೆ ಉಗುಳುತ್ತಾನೆ ಅನ್ನುವ ಮಾತಿನಿಂದ ನನಗೆ ಬಹಳ ತಿಳಿಯುತ್ತದೆ.

ಆಮೇಲೆ ಆಟ. ಹತ್ತು ಆಕಾರದ ತುಂಡುಗಳಿರುವ ಮರದ ಹಲಗೆ ಒಂದಿದೆ, ಸೆಗ್ವಿನ್ ಫಾರ್ಮ್ ಬೋರ್ಡ್ ಅಂತ. ಆಯಾ ಗುಂಡಿಯಲ್ಲಿ ಆಯಾ ತುಂಡು ಕೂರಿಸಬೇಕು. ಬನಹಟ್ಟಿ ಕಡೆಯ ಐದು ವರ್ಷದ ಹುಡುಗನೊಬ್ಬ ಒಳಗೆ ಬಂದವನೇ ಮೇಜಿನ ಕೆಳಗೆ ಸೇರಿಕೊಂಡ. ಫ್ಯಾನಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡ. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ, ಬೆಳಗಿನಿಂದ ರಾತ್ರಿವರೆಗೆ ಖಟಖಟ. “ಅಷ್ಟು ಸದ್ದಿನಲ್ಲಿ ಬೆಳೆದವನು ಫ್ಯಾನಿಗೆ ಹೆದರ್ತಾನಾ ಮೇಡಂ?” ಅಂತ ಅವರಪ್ಪ ಕೇಳಿದರು. ಫ್ಯಾನ್ ಆರಿಸಿ ಹಲಗೆಯನ್ನು ಮೇಜಿನ ಕೆಳಗೇ ಇಟ್ಟೆ. ಅವನು ನಕ್ಷತ್ರದ ತುಂಡನ್ನು ತೆಗೆದು, ಅದರ ಐದೂ ತುದಿಗೆ ಒಂದೊಂದಾಗಿ ಬೆರಳು ಮುಟ್ಟಿಸಿದ. ಆಮೇಲೆ ಹತ್ತನ್ನೂ ಸರಿಯಾದ ಜಾಗದಲ್ಲಿ ಕೂರಿಸಿದ. ನನ್ನ ಮುಖ ಮಾತ್ರ ನೋಡಲಿಲ್ಲ, “ನೋಡು, ಮಾಡಿದೆ” ಅಂತ ಯಾರಿಗೂ ತೋರಿಸಲೂ ಇಲ್ಲ. ಕೈಗೆ ಬುದ್ಧಿ ಇದೆ, ಹಂಚಿಕೊಳ್ಳುವುದು ಕಷ್ಟ, ಸದ್ದು ನೋಯಿಸುತ್ತದೆ. ಈ ಮೂರೂ ನಾನು ರಿಪೋರ್ಟಿನಲ್ಲಿ ಬರೆಯಬೇಕಾದವು. ಮಗು ಅತ್ತರೆ ಅದನ್ನೂ ಬರೆದುಕೊಳ್ಳುತ್ತೇನೆ, ಯಾವುದಕ್ಕೆ ಅತ್ತಿತು, ಯಾವುದಕ್ಕೆ ಸುಮ್ಮನಾಯಿತು ಅಂತ.

ದಿನನಿತ್ಯದ ಕೆಲಸ ಎಷ್ಟು ತಾನೇ ಮಾಡಿಕೊಳ್ಳುತ್ತದೆ ಅನ್ನುವುದಕ್ಕೆ ವೈನ್‌ಲ್ಯಾಂಡ್ ಅಳತೆ ಇದೆ. ಆಟಿಸಂಗೆ ನಮ್ಮ ದೇಶದಲ್ಲೇ ಮಾಡಿದ ಐಸಾ ಅನ್ನುವ 40 ಅಂಶಗಳ ಅಳತೆ ಇದೆ. ಒಂದೇ ದಿನದಲ್ಲಿ ಮುಗಿಯದಿದ್ದರೆ ಇನ್ನೊಂದು ದಿನ ಕರೆಯುತ್ತೇವೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸಿ ತೊಂದರೆಯ ಹೆಸರು ಬರೆದುಕೊಟ್ಟರೆ ಅನುಮಾನ ಪಡಿ.

ಬರುವಾಗ ತಾಯಿ ಕಾರ್ಡ್, ಹಳೆಯ ಚೀಟಿಗಳು, ಶಾಲೆಯ ನೋಟ್‌ಬುಕ್, ಮೊಬೈಲಿನಲ್ಲಿ ಮನೆಯ ಒಂದೆರಡು ವಿಡಿಯೋ ತನ್ನಿ. ಹೊಟ್ಟೆ ತುಂಬಿಸಿ ಕರೆತನ್ನಿ. “ಸುಮ್ನೆ ಕೂತಿಲ್ಲ ಅಂದ್ರ ಡಾಕ್ಟರ್ ಸೂಜಿ ಚುಚ್ತಾರ” ಅಂತ ಹೆದರಿಸಿ ಮಾತ್ರ ತರಬೇಡಿ. ಆ ದಿನ ಪೂರ್ತಿ ಹಾಳು.

ಸ್ಕ್ಯಾನ್ ಮಾಡಿಸಿದರೆ ಗೊತ್ತಾಗಲ್ವಾ?

ಇಲ್ಲ. ಆಟಿಸಂ, ಎಡಿಎಚ್‌ಡಿ ಎರಡನ್ನೂ ತೋರಿಸುವ ಸ್ಕ್ಯಾನ್ ಆಗಲಿ ರಕ್ತ ಪರೀಕ್ಷೆಯಾಗಲಿ ಇಲ್ಲ. ಫಿಟ್ಸ್ ಇದ್ದರೆ ಇಇಜಿ, ಬೇರೆ ಲಕ್ಷಣ ಕಂಡರೆ ಜೆನೆಟಿಕ್ ಪರೀಕ್ಷೆ ಅಂತ ಡಾಕ್ಟರ್ ಹೇಳಬಹುದು, ಅದು ಬೇರೆ.

ಐಕ್ಯೂ 65 ಅಂತ ಬರೆದಿದ್ದಾರೆ. ಇನ್ನೇನೂ ಕಲಿಯಲ್ವಾ?

ಕಲಿಯುತ್ತದೆ. ಆ ಸಂಖ್ಯೆ ಆ ದಿನ, ಆ ಭಾಷೆಯಲ್ಲಿ, ಆ ಮೂಡಿನಲ್ಲಿ ಬಂದದ್ದು. ಮಾತು ಬಾರದ ಮಗುವಿಗೆ ಮಾತಿನ ಪರೀಕ್ಷೆ ಕೊಟ್ಟರೆ ಇನ್ನೂ ಕೆಳಗೆ ಬರುತ್ತದೆ. 70ಕ್ಕಿಂತ ಕಡಿಮೆ ಬಂದರೂ ದಿನನಿತ್ಯದ ಕೆಲಸದಲ್ಲೂ ಹಿಂದಿದ್ದರೆ ಮಾತ್ರ ಬೌದ್ಧಿಕ ಅಸಮರ್ಥತೆ ಅನ್ನುತ್ತೇವೆ. ರಿಪೋರ್ಟಿನಲ್ಲಿ ಸಂಖ್ಯೆ ಒಂದೇ ಇದ್ದು, ಏನು ಬರುತ್ತದೆ, ಏನು ಬರಲ್ಲ, ನಾಳೆಯಿಂದ ಮನೆಯಲ್ಲಿ ಏನು ಮಾಡಬೇಕು ಅಂತ ಇಲ್ಲದಿದ್ದರೆ ವಾಪಸ್ ಹೋಗಿ ಕೇಳಿ. ಅದನ್ನು ಕನ್ನಡದಲ್ಲಿ ವಿವರಿಸಿ ಹೇಳಬೇಕಾದದ್ದು ಅವರ ಕೆಲಸ.

ಬಾಯಲ್ಲಿ ಎಲ್ಲ ಹೇಳ್ತಾಳೆ, ಬರೆಯೋಕೆ ಬರಲ್ಲ. ಮೈಗಳ್ಳತನನಾ?

ಮೈಗಳ್ಳತನ ಅನ್ನುವ ಮುಂಚೆ ನೋಟ್‌ಬುಕ್ ತೆರೆಯಿರಿ. ‘ಹತ್ತಿ’ ಇದ್ದದ್ದು ‘ಹತಿ’, ‘ಕಾಲು’ ಇದ್ದದ್ದು ‘ಕಲು’, ‘ಭೂಮಿ’ ಇದ್ದದ್ದು ‘ಬುಮಿ’. ಒತ್ತು, ದೀರ್ಘ, ಮಹಾಪ್ರಾಣ, ಈ ಮೂರರಲ್ಲಿ ಮೂರನೇ ತರಗತಿಯಾದರೂ ತಪ್ಪು ನಿಲ್ಲದಿದ್ದರೆ, ಓದುವಾಗ ಸಾಲು ತಪ್ಪಿದರೆ, ಕೇಳಿದ್ದಕ್ಕೆ ಬಾಯಲ್ಲಿ ಸರಿ ಉತ್ತರ ಕೊಟ್ಟರೆ, ಕಲಿಕೆಯ ತೊಂದರೆ ಇದೆಯಾ ಅಂತ ನೋಡಬೇಕು. ಕನ್ನಡ ಬರೆದ ಹಾಗೇ ಓದುವ ಭಾಷೆ. ಹಾಗಾಗಿ ಕನ್ನಡದಲ್ಲಿ ಹೇಗೋ ದಾಟಿ ಇಂಗ್ಲಿಷಿನಲ್ಲಿ ಮುಗ್ಗರಿಸುವ ಮಕ್ಕಳೂ ಇದ್ದಾರೆ. ಶಾಲೆ ಬದಲಿಸಿದ ವರ್ಷವೇ ಇದು ಹೊರಬೀಳುತ್ತದೆ.

ನಿಮ್ಹಾನ್ಸ್ ಮಾಡಿದ ಪರೀಕ್ಷೆಗಳ ಗುಂಪು ಇದಕ್ಕೆ ಜಾಸ್ತಿ ಬಳಕೆಯಲ್ಲಿದೆ. ಡಾಲಿ ಅನ್ನುವ ಪರೀಕ್ಷೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಇದೆ. ನಮ್ಮ ಗಡಿ ಊರುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 8 ವರ್ಷ ತುಂಬಬೇಕು. ಅಲ್ಲಿಯವರೆಗೆ ಪಾಠ ಹೇಳಿಕೊಡುವುದನ್ನು ತಡೆದವರು ಯಾರೂ ಇಲ್ಲ.

ಒಂದು ಕಡೆ ಕೂರಲ್ಲ. ಎಡಿಎಚ್‌ಡಿನಾ, ಬರೀ ತುಂಟತನಾನಾ? ಮಾತ್ರೆ ಕೊಡಬೇಕಾ?

ಮನೆಯಲ್ಲಿ ಮಾತ್ರ ಹಾರಾಡಿ ಶಾಲೆಯಲ್ಲಿ ಸರಿ ಇದ್ದರೆ ಬಹುಶಃ ಅಲ್ಲ. ಎರಡು ಕಡೆಯಾದರೂ ಕಾಣಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಓದಿಗೋ ಗೆಳೆತನಕ್ಕೋ ಅಡ್ಡ ಬರುತ್ತಿರಬೇಕು. ಅದಕ್ಕೇ ಮಾಸ್ತರರಿಗೂ ಒಂದು ಪ್ರಶ್ನಾವಳಿ ಕಳಿಸುತ್ತೇವೆ. ಎದ್ದು ಓಡಾಡದೆ, ಕಿಟಕಿ ಹೊರಗೆ ನೋಡುತ್ತಾ ಕೂರುವ ಮಕ್ಕಳಿಗೂ ಎಡಿಎಚ್‌ಡಿ ಇರಬಹುದು. ಹೆಣ್ಣುಮಕ್ಕಳಲ್ಲಿ ಇದು ಕಣ್ಣಿಗೆ ಬೀಳದೆ ಹೋಗುವುದು ಜಾಸ್ತಿ. “ಪಾಪ, ಮೆತ್ತಗಿನ ಹುಡುಗಿ” ಅಂತ ಬಿಟ್ಟುಬಿಡುತ್ತಾರೆ.

6 ವರ್ಷದೊಳಗಿನ ಮಕ್ಕಳಿಗೆ ಮೊದಲು ತಂದೆ ತಾಯಿಗೆ ತರಬೇತಿ. ದೊಡ್ಡ ಮಕ್ಕಳಿಗೆ ಮಿಥೈಲ್‌ಫೆನಿಡೇಟ್ ಥರದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು, ಡಾಕ್ಟರ್ ತೂಕ ನೋಡುತ್ತಿರುತ್ತಾರೆ. ಮಾತ್ರೆ ಬರೆಯುವವರು ಮನೋವೈದ್ಯರು ಅಥವಾ ಮಕ್ಕಳ ಡಾಕ್ಟರ್, ನನ್ನಂಥ ಸೈಕಾಲಜಿಸ್ಟ್ ಬರೆಯುವಂತಿಲ್ಲ.

ಯಾರಿಂದ ಆಯ್ತು? ಸೋದರಮಾವನ ಜೊತೆ ಮದುವೆ ಆಗಿದ್ದಕ್ಕಾ? ಲಸಿಕೆಗಾ? ಮೊಬೈಲಿಗಾ?

ಈ ಪ್ರಶ್ನೆ ಕೇಳುವಾಗ ಮನೆಯವರೆಲ್ಲ ತಾಯಿಯ ಮುಖವನ್ನೇ ನೋಡುತ್ತಾರೆ. ನನಗೆ ಬಹಳ ಬೇಸರ ಆಗುವುದು ಅಲ್ಲಿ. ಆಟಿಸಂನಲ್ಲಿ ವಂಶವಾಹಿಗಳ ಪಾಲು ದೊಡ್ಡದು, ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಹತ್ತಿರದ ಸಂಬಂಧದ ಮದುವೆಯಲ್ಲಿ ಕೆಲವು ಆನುವಂಶಿಕ ಕಾಯಿಲೆಗಳ, ಅವುಗಳಿಂದ ಬರುವ ಬೌದ್ಧಿಕ ಅಸಮರ್ಥತೆಯ ಸಾಧ್ಯತೆ ಹೆಚ್ಚು ಅನ್ನುವುದು ನಿಜ. ಇನ್ನೊಂದು ಮಗು ಬೇಕೆಂದಿದ್ದರೆ ಜೆನೆಟಿಕ್ ಸಲಹೆ ತೆಗೆದುಕೊಳ್ಳಿ. ಆದರೆ ಸಂಬಂಧದಲ್ಲಿ ಮದುವೆ ಆಗದವರ ಮಕ್ಕಳಿಗೂ ಆಟಿಸಂ ಬರುತ್ತದೆ.

ಲಸಿಕೆಯ ಮಾತು 1998ರ ಒಂದು ಲೇಖನದಿಂದ ಹಬ್ಬಿದ್ದು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ತೆಗೆದುಕೊಂಡಿತು. ಲಸಿಕೆ ತಪ್ಪಿಸಬೇಡಿ. ಮೊಬೈಲಿನಿಂದ ಆಟಿಸಂ ಬರುವುದಿಲ್ಲ, ಆದರೆ ಮೊಬೈಲ್ ಹಿಡಿದ ಹೊತ್ತು ಮಗು ಯಾರ ಜೊತೆಗೂ ಮಾತಾಡದ ಹೊತ್ತು. ಎರಡು ವರ್ಷದೊಳಗೆ ಬೇಡ, ಆಮೇಲೆ ಐದರವರೆಗೂ ದಿನಕ್ಕೆ ಒಂದು ಗಂಟೆ ದಾಟದಿರಲಿ.

ಯಾವ ಥೆರಪಿ ಕೊಡಿಸಬೇಕು? ಎಷ್ಟು ದಿನ?

ಹೆಸರುಗಳು ಬಹಳ. ಮಾತು ಮತ್ತು ಸಂವಹನಕ್ಕೆ ಸ್ಪೀಚ್ ಥೆರಪಿ. ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು, ಸದ್ದು ಸ್ಪರ್ಶ ತಡೆಯುವುದಕ್ಕೆ ಆಕ್ಯುಪೇಷನಲ್ ಥೆರಪಿ. ನಡವಳಿಕೆಗೆ ಬಿಹೇವಿಯರ್ ಥೆರಪಿ. ಓದಿಗೆ ವಿಶೇಷ ಶಿಕ್ಷಣ. ಎಲ್ಲವನ್ನೂ ಒಟ್ಟಿಗೆ ಹಚ್ಚಬೇಡಿ. ಈಗ ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಷ್ಟ ಆಗುತ್ತಿರುವುದು ಯಾವುದು, ಅದರಿಂದ ಶುರು ಮಾಡಿ. ಶೌಚದ್ದೇ ಸಮಸ್ಯೆ ಇರುವಾಗ ಅಕ್ಷರ ಕಲಿಸಲು ದುಡ್ಡು ಸುರಿಯುವವರನ್ನು ನೋಡಿದ್ದೇನೆ.

ಸೆಂಟರಿನಲ್ಲಿ ಮಗು ಇರುವುದು ವಾರಕ್ಕೆ ಎರಡು ಮೂರು ಗಂಟೆ. ಉಳಿದದ್ದೆಲ್ಲ ನಿಮ್ಮ ಜೊತೆ. ಹಾಗಾಗಿ ಬಾಗಿಲು ಹಾಕಿಕೊಂಡು, ಒಳಗೆ ಏನು ಮಾಡಿದೆವು ಅಂತ ಹೇಳದ ಥೆರಪಿಸ್ಟ್ ನನಗೆ ಹಿಡಿಸುವುದಿಲ್ಲ. ರೊಟ್ಟಿ ಬಡಿಯುವಾಗ ಮಗುವಿಗೂ ಒಂದು ಹಿಟ್ಟಿನ ಉಂಡೆ ಕೊಡಿ. ಕೈಗೆ ಬಲ ಬರುತ್ತದೆ. “ಹಿಟ್ಟು ಬೇಕಾ, ನೀರು ಬೇಕಾ?” ಅಂತ ಕೇಳಿ ಮನಸ್ಸಿನಲ್ಲೇ ಐದು ಎಣಿಸಿ. ಮಗು ನೋಡಿದರೂ, ಕೈ ಚಾಚಿದರೂ ಉತ್ತರ ಅಂತ ತಿಳಿದು ಕೊಡಿ. ಮಗು ಕೇಳುವ ಮುಂಚೆಯೇ ಎಲ್ಲ ಕೊಟ್ಟುಬಿಡುವುದು ನಮ್ಮ ಕಡೆಯ ಅಜ್ಜಿಯರ ಪ್ರೀತಿ. ಆ ಪ್ರೀತಿಯನ್ನು ಸ್ವಲ್ಪ ತಡ ಮಾಡಿ ಕೊಡಲು ಅವರಿಗೆ ಹೇಳಿಕೊಡಬೇಕು.

ಚಿತ್ರದ ಕಾರ್ಡ್ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ಬರುವುದೇ ನಿಲ್ಲುತ್ತದೆ ಅನ್ನುವ ಭಯ ಬಹಳ ಜನರಿಗಿದೆ. ನಿಲ್ಲುವುದಿಲ್ಲ. ಹಠ, ಕಚ್ಚುವುದು ಕಡಿಮೆಯಾಗುತ್ತದೆ, ಬೇಕಾದದ್ದು ಹೇಳಲು ಒಂದು ದಾರಿ ಸಿಕ್ಕಿತಲ್ಲ.

ಎಷ್ಟು ದಿನ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಮೂರು ತಿಂಗಳಿಗೊಮ್ಮೆ ಗುರಿ ನೋಡಿ. ಏನೂ ಬದಲಾಗದಿದ್ದರೆ ಕೇಳಿ, ಬದಲಿಸಿ. ಹೊಡೆದು, ಕಟ್ಟಿಹಾಕಿ ಕಲಿಸುವ ಕಡೆ ಒಂದು ದಿನವೂ ಬಿಡಬೇಡಿ.

ನಾವು ಕಬ್ಬು ಕಡಿಯಲು ಹೋಗ್ತೀವಿ. ವಾರವಾರ ಬರೋದು ಹೇಗೆ?

ಬರಲಾಗುವುದಿಲ್ಲ, ಗೊತ್ತು. ಹಾಗಾಗಿ ಹೊರಡುವ ಮುಂಚೆ ಎರಡೇ ಎರಡು ಗುರಿ ಬರೆಸಿಕೊಂಡು ಹೋಗಿ, ತಿಂಗಳಿಗೊಮ್ಮೆ ಫೋನಿನಲ್ಲಿ ವಿಡಿಯೋ ಕಳಿಸಿ. ಊರಲ್ಲಿರುವಾಗ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಅರ್ಜಿ, ಕಾರ್ಡ್, ಕ್ಯಾಂಪಿನ ದಿನಾಂಕ ಎಲ್ಲ ಅವರಿಗೆ ಗೊತ್ತಿರುತ್ತದೆ.

ಜಾತ್ರೆಗೆ ಕರೆದುಕೊಂಡು ಹೋಗಬಹುದಾ?

ಹೋಗಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬೆಳಗಿನ ಹೊತ್ತು ಹೋಗಿ, ಮದ್ದು ಸುಡುವ ಹೊತ್ತಿಗೆ ಮನೆ ಸೇರಿ. ಕಿವಿಗೆ ಮುಚ್ಚಿಕೊಳ್ಳುವ ಹೆಡ್‌ಫೋನ್ ಇಟ್ಟುಕೊಳ್ಳಿ, ಎಲ್ಲಿಗೆ, ಎಷ್ಟು ಹೊತ್ತು ಅಂತ ಹಿಂದಿನ ದಿನವೇ ಫೋಟೋ ತೋರಿಸಿ ಹೇಳಿ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿ ಮಾತ್ರ ಯೋಚಿಸಿ. ಅಲ್ಲಿ ಶಾಲಾ ಮಕ್ಕಳೆಲ್ಲ ಒಟ್ಟಿಗೆ ಕೂಗಿ ಪ್ರತಿಧ್ವನಿ ಎಬ್ಬಿಸುತ್ತಿರುತ್ತಾರೆ. ಕೆಳಗಿನ ಹುಲ್ಲುಹಾಸು ಸಾಕು. ಮಗು ನೆಲಕ್ಕೆ ಬಿದ್ದು ಅತ್ತರೆ ನೋಡುವವರಿಗೆ ಸಮಜಾಯಿಷಿ ಕೊಡುತ್ತಾ ನಿಲ್ಲಬೇಡಿ, ಎತ್ತಿಕೊಂಡು ಸದ್ದಿಲ್ಲದ ಕಡೆ ನಡೆಯಿರಿ.

ಪೂರ್ತಿ ಗುಣ ಮಾಡ್ತೀವಿ ಅಂತಾರೆ, ಸ್ಟೆಮ್ ಸೆಲ್ ಅಂತೆ. ಹರಕೆನೂ ಹೊತ್ತಿದ್ದೀವಿ.

ಹರಕೆ ನಿಮ್ಮ ನಂಬಿಕೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬನ್ನಿ, ಥೆರಪಿ ತಪ್ಪಿಸಬೇಡಿ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುವುದಿಲ್ಲ. ಸ್ಟೆಮ್ ಸೆಲ್ ವಿಷಯದಲ್ಲಿ ಮಾತ್ರ ನನ್ನ ಮಾತು ಖಡಕ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವು ಬಿಟ್ಟರೆ ಸ್ಟೆಮ್ ಸೆಲ್ ಕೊಡುವುದು ಸಂಶೋಧನೆ ಮಾತ್ರ, ಚಿಕಿತ್ಸೆ ಅಂತ ಮಾರುವಂತಿಲ್ಲ. ಅದಕ್ಕಾಗಿ ಹೊಲ ಮಾರಬೇಡಿ.

ಯುಡಿಐಡಿ ಕಾರ್ಡ್ ಮಾಡಿಸಿದರೆ ಮಗುವಿಗೆ ಮುದ್ರೆ ಒತ್ತಿದ ಹಾಗಲ್ವಾ?

ಯುಡಿಐಡಿ ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಕಾರ್ಡ್. ಅದು ನಿಮ್ಮ ಕಪಾಟಿನಲ್ಲಿರುತ್ತದೆ, ಬೇಕಾದಾಗ ತೆಗೆಯುತ್ತೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ, ಬೌದ್ಧಿಕ ಅಸಮರ್ಥತೆ, ಕಲಿಕೆಯ ತೊಂದರೆ ಮೂರೂ ಇವೆ. ಎಡಿಎಚ್‌ಡಿ ಒಂದೇ ಇದ್ದರೆ ಅದರಲ್ಲಿಲ್ಲ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ 40 ಶೇಕಡಾ ಅಂಗವೈಕಲ್ಯ ಇರಬೇಕು. ಅರ್ಜಿ ಆನ್‌ಲೈನ್‌ನಲ್ಲಿ, ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ. ಅಥಣಿ, ಚಿಕ್ಕೋಡಿಯವರು ಮಿರಜಿನಲ್ಲಿ, ಇಂಡಿಯವರು ಸೊಲ್ಲಾಪುರದಲ್ಲಿ ತೋರಿಸಿರುತ್ತಾರೆ. ಆ ರಿಪೋರ್ಟ್ ಜೊತೆಗಿರಲಿ, ಆದರೆ ಪ್ರಮಾಣಪತ್ರಕ್ಕೆ ನಿಮ್ಮ ಜಿಲ್ಲೆಗೇ ಬನ್ನಿ.

ಆಟಿಸಂ, ಬೌದ್ಧಿಕ ಅಸಮರ್ಥತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಒಂದಿಷ್ಟು ಸಿಗುತ್ತದೆ. ಬಹಳ ಜನರಿಗೆ ಇದರ ಸುದ್ದಿಯೇ ಗೊತ್ತಿಲ್ಲ. 18 ದಾಟಿದ ಮೇಲೆ ಕಾನೂನುಬದ್ಧ ಪೋಷಕರ ನೇಮಕವೂ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸಮಿತಿಯಿಂದ ಆಗುತ್ತದೆ.

ಶಾಲೆಯವರು ಸೇರಿಸಿಕೊಳ್ಳಲ್ಲ ಅಂತಾರೆ.

ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಬಾಯಿಮಾತಿನ ಇಲ್ಲ ಅನ್ನುವುದನ್ನು ಒಪ್ಪಬೇಡಿ, ಬರೆದುಕೊಡಿ ಅನ್ನಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆಮೇಲೆ ಬಿಇಒ ಕಚೇರಿಗೆ ಹೋಗಿ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ಕೇಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ. ಅದಕ್ಕೆ ಹತ್ತನೇ ತರಗತಿಯ ಶುರುವಿನಲ್ಲೇ ಶಾಲೆಯ ಮೂಲಕ ಅರ್ಜಿ ಹಾಕಿ, ಫೆಬ್ರವರಿಯಲ್ಲಿ ಓಡಿ ಬರಬೇಡಿ.

ಮಗನ ರಿಪೋರ್ಟ್ ಓದುತ್ತಾ ಹೋದ ಹಾಗೆ ನನ್ನದೇ ಕಥೆ ಅನ್ನಿಸ್ತು. ಈ ವಯಸ್ಸಿನಲ್ಲಿ ಟೆಸ್ಟ್ ಮಾಡಿಸಬಹುದಾ?

ಮಾಡಿಸಬಹುದು. ಇತ್ತೀಚೆಗೆ ಅಪ್ಪಂದಿರೇ ಇದನ್ನು ಮೆಲ್ಲಗೆ ಕೇಳುತ್ತಾರೆ. ನಿಮ್ಮ ಬಾಲ್ಯ ಕಂಡವರು, ಅಮ್ಮನೋ ಅಕ್ಕನೋ, ಜೊತೆಗೆ ಬಂದರೆ ಒಳ್ಳೆಯದು.

ನನಗೇ ಸಾಕಾಗಿ ಹೋಗಿದೆ. ಯಾರ ಹತ್ತಿರ ಹೇಳಲಿ?

ಟೆಲಿ ಮಾನಸ್, 14416. ದಿನದ ಯಾವ ಹೊತ್ತಿಗಾದರೂ, ಕನ್ನಡದಲ್ಲಿ, ದುಡ್ಡಿಲ್ಲದೆ ಮಾತಾಡಬಹುದು. ಮನೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಮಗುವಿನ ಜವಾಬ್ದಾರಿ ಅಪ್ಪನದೋ ಚಿಕ್ಕಪ್ಪನದೋ ಅಂತ ಗೊತ್ತು ಮಾಡಿ. “ಅವಳು ಹೇಗೋ ನೋಡ್ಕೋತಾಳೆ” ಅನ್ನುವ ಮನೆಗಳಲ್ಲಿ ತಾಯಂದಿರು ಮೊದಲು ಕಾಯಿಲೆ ಬೀಳುತ್ತಾರೆ. ಉಳಿದ ಮಕ್ಕಳನ್ನೂ ಒಮ್ಮೆ ಕರೆತನ್ನಿ. ಅಣ್ಣನಿಗೆ ಹೀಗೇಕೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಮತ್ತೆ ಟೆಸ್ಟ್ ಯಾವಾಗ?

ಸಣ್ಣ ಮಕ್ಕಳಿಗೆ ವರ್ಷ, ಎರಡು ವರ್ಷಕ್ಕೊಮ್ಮೆ. ಶಾಲೆ ಬದಲಿಸುವಾಗ, ಹತ್ತನೇ ತರಗತಿಗೆ ಮುಂಚೆ ಒಮ್ಮೆ. ಹಳೆಯ ರಿಪೋರ್ಟ್ ಲ್ಯಾಮಿನೇಟ್ ಮಾಡಿಸಬೇಡಿ, ಜೆರಾಕ್ಸ್ ತೆಗೆಯಲು ಮತ್ತು ಸಹಿ ಹಾಕಿಸಲು ತೊಂದರೆ ಆಗುತ್ತದೆ.